ಕರಾಚಿ ಬಂದರು ಉರಿಯಿತು ಎಂದವರನ್ನು ತಡೆಯುವ ನಿಯಮ ಯಾವುದು?

2025ರ ಮೇ 8ರ ರಾತ್ರಿ ದೇಶದ ಹಲವು ಸುದ್ದಿ ಚಾನೆಲ್‌ಗಳ ಪರದೆಯ ಮೇಲೆ ಕರಾಚಿ ಬಂದರು ಹೊತ್ತಿ ಉರಿಯುತ್ತಿತ್ತು. ವಿಮಾನವಾಹಕ ಯುದ್ಧನೌಕೆ ಐಎನ್‌ಎಸ್ ವಿಕ್ರಾಂತ್ ದಾಳಿ ನಡೆಸಿದೆ, ಪಾಕ್ ಸೇನಾ ಮುಖ್ಯಸ್ಥ ಆಸಿಮ್ ಮುನೀರ್ ಬಂಧನವಾಗಿದೆ, ಭಾರತದ ಪಡೆಗಳು ಇಸ್ಲಾಮಾಬಾದ್ ಹೊಕ್ಕಿವೆ ಎಂಬ ಸುದ್ದಿಗಳು ಒಂದರ ಬೆನ್ನಿಗೊಂದು ಬಂದವು. ಇವುಗಳಲ್ಲಿ ಒಂದೂ ನಡೆದಿರಲಿಲ್ಲ. ಮೇ 11ರಂದು ಮೂರೂ ಪಡೆಗಳ ಅಧಿಕಾರಿಗಳು ಪತ್ರಿಕಾಗೋಷ್ಠಿ ನಡೆಸಿದಾಗ ನೌಕಾಪಡೆಯ ವೈಸ್ ಅಡ್ಮಿರಲ್ ಎ.ಎನ್. ಪ್ರಮೋದ್ ಹೇಳಿದ್ದು ಇಷ್ಟು: ಕರಾಚಿಯೂ ಸೇರಿದಂತೆ ಸಮುದ್ರದ ಮತ್ತು ನೆಲದ ಗುರಿಗಳ ಮೇಲೆ ತನಗೆ ಬೇಕಾದ ಹೊತ್ತಿಗೆ ಎರಗಲು ನೌಕಾಪಡೆ ಸಿದ್ಧವಾಗಿ ನಿಂತಿತ್ತು. ಅಂದರೆ ಎರಗಿರಲಿಲ್ಲ.

ಮೇ 7ರಂದು ಗಡಿಯಾಚೆಯ ಉಗ್ರರ ನೆಲೆಗಳ ಮೇಲೆ ಭಾರತ ಶುರುಮಾಡಿದ ದಾಳಿ ಆಪರೇಷನ್ ಸಿಂಧೂರ. ಅದರ ಬಗ್ಗೆ ಎದ್ದ ವಾಗ್ವಾದಕ್ಕೆ ಎರಡು ಮುಖಗಳಿವೆ. ಕಾರ್ಯಾಚರಣೆ ಹೇಗೆ ನಡೆಯಿತು, ಎಷ್ಟು ವಿಮಾನ ಕಳೆದುಕೊಂಡೆವು, ಕದನ ವಿರಾಮ ಯಾರ ಮಾತಿನಿಂದ ಬಂತು ಎಂಬುದು ಒಂದು. ಅದನ್ನು ಮಾಧ್ಯಮಗಳು ಜನರ ಮುಂದಿಟ್ಟ ಬಗೆ ಇನ್ನೊಂದು. ಇವೆರಡನ್ನೂ ಬೇರೆಬೇರೆಯಾಗಿ ಚರ್ಚಿಸುವುದು ರೂಢಿಯಾಗಿದೆ, ಆದರೆ ಎರಡರ ಬೇರು ಒಂದೇ. ಯುದ್ಧಕಾಲದ ಸುದ್ದಿಗೆ ನಮ್ಮಲ್ಲಿರುವ ನಿಯಮಗಳನ್ನು ಕಟ್ಟಿರುವುದು ನಿಜ ಸಂಗತಿ ಶತ್ರುವಿನ ಕಿವಿಗೆ ಬೀಳದಂತೆ ತಡೆಯುವುದಕ್ಕೆ. ಸುಳ್ಳು ನಮ್ಮ ಜನರ ಕಿವಿಗೆ ಬೀಳದಂತೆ ತಡೆಯುವ ಕೆಲಸ ಅವುಗಳಿಂದ ಆಗುವುದಿಲ್ಲ.

ನಿಯಮ ಏನು ಹೇಳುತ್ತದೆ

ಕಾಶ್ಮೀರದ ಪಹಲ್ಗಾಮ್‌ನಲ್ಲಿ ಏಪ್ರಿಲ್ 22ರಂದು ಉಗ್ರರಿಂದ 26 ಜನರ ಹತ್ಯೆಯಾಯಿತು. ನಾಲ್ಕು ದಿನದ ಬಳಿಕ, ಏಪ್ರಿಲ್ 26ರಂದು, ಕೇಂದ್ರ ವಾರ್ತಾ ಮತ್ತು ಪ್ರಸಾರ ಸಚಿವಾಲಯ ಮಾಧ್ಯಮಗಳಿಗೆ ಸಲಹಾ ಸೂಚನೆ ಹೊರಡಿಸಿತು. ಸೇನಾ ಕಾರ್ಯಾಚರಣೆ, ಪಡೆಗಳ ಓಡಾಟ ಇವನ್ನು ನೇರಪ್ರಸಾರ ಮಾಡಬೇಡಿ, 'ಮೂಲಗಳ ಪ್ರಕಾರ' ಎಂಬ ಮಾಹಿತಿ ಕೊಡಬೇಡಿ ಎಂಬುದು ಅದರ ತಿರುಳು. ಕಾರ್ಗಿಲ್ ಯುದ್ಧ, ಮುಂಬೈ ದಾಳಿ, ಕಂದಹಾರ್ ವಿಮಾನ ಅಪಹರಣ ಎಂಬ ಮೂರು ಉದಾಹರಣೆಗಳೂ ಅದರಲ್ಲಿದ್ದವು. ಕಾನೂನಿನ ಆಧಾರವಾಗಿ ತೋರಿಸಿದ್ದು ಕೇಬಲ್ ಟೆಲಿವಿಷನ್ ಜಾಲ ನಿಯಮಗಳ 6(1)(ಪಿ).

ಆ ನಿಯಮದ ವ್ಯಾಪ್ತಿ ಬಹಳ ಸಣ್ಣದು. ಭದ್ರತಾ ಪಡೆಗಳ ಭಯೋತ್ಪಾದನಾ ನಿಗ್ರಹ ಕಾರ್ಯಾಚರಣೆಯನ್ನು ನೇರಪ್ರಸಾರ ಮಾಡಬಾರದು, ಕಾರ್ಯಾಚರಣೆ ಮುಗಿಯುವವರೆಗೆ ಸರ್ಕಾರ ನೇಮಿಸಿದ ಅಧಿಕಾರಿ ಆಗಾಗ ಕೊಡುವ ವಿವರಣೆಗೆ ಮಾತ್ರ ಸೀಮಿತವಾಗಿರಬೇಕು ಎಂದಷ್ಟೇ ಅದು ಹೇಳುತ್ತದೆ. 2008ರ ನವೆಂಬರ್ 26ರಂದು ಶುರುವಾದ ಮುಂಬೈ ದಾಳಿಯಲ್ಲಿ ಕಮಾಂಡೊಗಳು ಎಲ್ಲಿದ್ದಾರೆ ಎಂಬುದನ್ನು ಟಿವಿ ನೋಡಿದವರೇ ಫೋನಿನಲ್ಲಿ ಉಗ್ರರಿಗೆ ಹೇಳುತ್ತಿದ್ದರು. 2012ರ ಆಗಸ್ಟ್‌ನಲ್ಲಿ ಕಸಬ್ ಪ್ರಕರಣದ ತೀರ್ಪು ಕೊಟ್ಟ ಸುಪ್ರೀಂ ಕೋರ್ಟ್, ಚಾನೆಲ್‌ಗಳು ಮಾಡಿದ್ದು ದೇಶಹಿತಕ್ಕಲ್ಲ, ತಮ್ಮ ವ್ಯಾಪಾರದ ಲಾಭಕ್ಕೆ ಎಂದು ಕಟುವಾಗಿ ಬರೆಯಿತು. ಆ ಕಹಿ ಅನುಭವದ ಹಿನ್ನೆಲೆಯಲ್ಲಿ ಬಂದ ನಿಯಮ ಇದು. ಅದರ ಉದ್ದೇಶ ಸರಿಯಾದದ್ದೇ.

ಮೇ 8ರ ರಾತ್ರಿಗೆ ಇದನ್ನು ಹೊಂದಿಸಿ ನೋಡಿ. ಜಮ್ಮುವಿನಲ್ಲಿ ಕ್ಯಾಮೆರಾ ಹಿಡಿದು ಡ್ರೋನ್ ಹೊಡೆದುರುಳಿಸುವುದನ್ನು ತೋರಿಸಿದ ವರದಿಗಾರ ನಿಯಮ ಮುರಿದಂತೆ. ಸ್ಟುಡಿಯೋದಲ್ಲಿ ಕುಳಿತು ಕರಾಚಿ ಸುಟ್ಟುಹೋಯಿತು ಎಂದು ಕೂಗಿದ ನಿರೂಪಕ ಈ ನಿಯಮವನ್ನು ಮುಟ್ಟಿಯೇ ಇಲ್ಲ. ನಡೆಯದ ಕಾರ್ಯಾಚರಣೆಗೆ ನೇರಪ್ರಸಾರ ಎಲ್ಲಿಯದು? ಮೇ 9ರಂದು ರಕ್ಷಣಾ ಸಚಿವಾಲಯ ಮತ್ತೊಂದು ಸೂಚನೆ ಕೊಟ್ಟಿತು. ಅದೂ ನೇರಪ್ರಸಾರದ ಬಗ್ಗೆಯೇ. ಆಮೇಲೆ ನಾಗರಿಕ ರಕ್ಷಣಾ ನಿರ್ದೇಶನಾಲಯ, ವಾಯುದಾಳಿಯ ಸೈರನ್ ಸದ್ದನ್ನು ಕಾರ್ಯಕ್ರಮಗಳಲ್ಲಿ ಬಳಸಬೇಡಿ, ನಿಜವಾದ ಸೈರನ್ ಮೊಳಗಿದಾಗ ಜನ ಅಸಡ್ಡೆ ಮಾಡುತ್ತಾರೆ ಎಂದು ಕೇಳಿಕೊಳ್ಳಬೇಕಾಯಿತು. ಕಾರ್ಯಕ್ರಮ ಸಂಹಿತೆಯ ಇದೇ 6ನೇ ನಿಯಮದಲ್ಲಿ ಅರ್ಧಸತ್ಯ, ಸುಳ್ಳು ಆರೋಪಗಳ ಬಗ್ಗೆಯೂ ಒಂದು ಸಾಲಿದೆ. ಏಪ್ರಿಲ್ 26ರ ಸೂಚನೆ ಆಧಾರವಾಗಿ ಹಿಡಿದದ್ದು ಆ ಸಾಲನ್ನಲ್ಲ.

ಸುಳ್ಳು ಪರದೆಗೆ ಬರುವ ದಾರಿ

ಸುದ್ದಿಮನೆಯಲ್ಲಿ ಇನ್‌ಪುಟ್ ಡೆಸ್ಕ್ ಸುದ್ದಿ ತರಿಸುತ್ತದೆ, ಔಟ್‌ಪುಟ್ ಡೆಸ್ಕ್ ಅದನ್ನು ಪರದೆಗೆ ಸಿದ್ಧಮಾಡುತ್ತದೆ. ಬ್ರೇಕಿಂಗ್ ಪಟ್ಟಿಗೆ ಒಂದು ಸಾಲು ಹಾಕಲು ಒಂದು ನಿಮಿಷವೂ ಬೇಡ. ಎದುರಾಳಿ ಚಾನೆಲ್‌ನಲ್ಲಿ ಬಂದದ್ದೇ ಸಾಕಷ್ಟು ಆಧಾರ ಎನ್ನುವ ಹಂತಕ್ಕೆ ಆ ರಾತ್ರಿ ವ್ಯವಸ್ಥೆ ಬಂದುಬಿಟ್ಟಿತ್ತು. ಮೊದಲ ಚಾನೆಲ್‌ಗೆ ಸಾಮಾಜಿಕ ಜಾಲತಾಣದ ಒಂದು ಪೋಸ್ಟ್ ಮೂಲ, ಎರಡನೆಯದಕ್ಕೆ ಮೊದಲನೆಯದು ಮೂಲ, ಮೂರನೆಯದಕ್ಕೆ 'ಹಲವು ಮಾಧ್ಯಮಗಳ ವರದಿ' ಎಂಬುದೇ ಮೂಲ. ಅಲ್ಲಿಂದ ಪ್ರಾದೇಶಿಕ ಭಾಷೆಗಳ ಡೆಸ್ಕಿಗೆ ಇಳಿಯುವಷ್ಟರಲ್ಲಿ, ಯಾರು ಹೇಳಿದ್ದು ಎಂಬ ಭಾಗ ಉದುರಿಹೋಗಿ ಬರೀ ಘಟನೆ ಉಳಿದಿರುತ್ತದೆ. ಶೀರ್ಷಿಕೆಗೆ ಜಾಗ ಕಡಿಮೆ, ಮೊದಲು ಕತ್ತರಿ ಬೀಳುವುದು ಮೂಲದ ಉಲ್ಲೇಖಕ್ಕೆ.

ಕರಾಚಿಯ ವಿಷಯದಲ್ಲಿ ಗೊಂದಲ ಹೆಚ್ಚಿಸಿದ ಇನ್ನೊಂದು ಸಂಗತಿ ಇತ್ತು. ಕರಾಚಿ ಬಂದರು ಟ್ರಸ್ಟ್‌ನ ಎಕ್ಸ್ ಖಾತೆಯಲ್ಲೇ ಬಂದರಿಗೆ ಭಾರಿ ಹಾನಿಯಾಗಿದೆ ಎಂಬ ಪೋಸ್ಟ್ ಕಾಣಿಸಿತು. ಖಾತೆ ಹ್ಯಾಕ್ ಆಗಿತ್ತು, ಬಂದರು ಎಂದಿನಂತೆ ನಡೆಯುತ್ತಿದೆ ಎಂದು ಆಮೇಲೆ ಸ್ಪಷ್ಟನೆ ಬಂತು. ಉರಿಯುವ ಬಂದರು ಎಂದು ಹರಿದಾಡಿದ ವಿಡಿಯೊಗಳಲ್ಲಿ ಒಂದು, ಅದೇ ವರ್ಷದ ಆರಂಭದಲ್ಲಿ ಅಮೆರಿಕದ ಫಿಲಡೆಲ್ಫಿಯಾದಲ್ಲಿ ವಿಮಾನ ಬಿದ್ದಾಗಿನದು.

ಗಡಿಯಾಚೆಯದೂ ಇದೇ ಕಥೆ. ಅಲ್ಲಿ ಅರ್ಮಾ 3 ಎಂಬ ವಿಡಿಯೊ ಗೇಮ್‌ನ ದೃಶ್ಯಗಳು ವಾಯುಸಮರವಾಗಿ ಓಡಾಡಿದವು. ಸೈಬರ್ ದಾಳಿಯಿಂದ ಭಾರತದ ವಿದ್ಯುತ್ ಜಾಲದ ಶೇ 70ರಷ್ಟು ನಿಂತುಹೋಗಿದೆ ಎಂಬ ಸುಳ್ಳನ್ನು ಕೇಂದ್ರ ಸರ್ಕಾರದ ಪಿಐಬಿ ಫ್ಯಾಕ್ಟ್ ಚೆಕ್ ಅಲ್ಲಗಳೆಯಬೇಕಾಯಿತು. ಭಾರತದ ವಿಮಾನಗಳನ್ನು ಕೆಡವಿದ್ದಕ್ಕೆ ಸಾಕ್ಷ್ಯ ಎಲ್ಲಿ ಎಂದು ಸಿಎನ್‌ಎನ್ ಕೇಳಿದಾಗ ಪಾಕ್ ರಕ್ಷಣಾ ಸಚಿವ ಖ್ವಾಜಾ ಆಸಿಫ್ ಬೊಟ್ಟುಮಾಡಿದ್ದು ಸಾಮಾಜಿಕ ಜಾಲತಾಣದ ಕಡೆಗೆ. 2024ರಿಂದ ತನ್ನ ನೆಲದಲ್ಲಿ ತಡೆದಿದ್ದ ಎಕ್ಸ್ ಅನ್ನು ಪಾಕಿಸ್ತಾನ ಮತ್ತೆ ತೆರೆದದ್ದು ಮೇ 7ರಂದು, ಭಾರತದ ದಾಳಿ ನಡೆದ ದಿನವೇ.

ಲಾಭದ ಲೆಕ್ಕವನ್ನೂ ತಿಳಿದಿರಬೇಕು. ಟಿಆರ್‌ಪಿಗಾಗಿ ಹೀಗೆ ಮಾಡಿದರು ಎಂಬ ಮಾತು ಅರ್ಧ ಮಾತ್ರ ಸರಿ. ಟಿವಿ ವೀಕ್ಷಣೆ ಅಳೆಯುವ ಬಾರ್ಕ್ ಸಂಸ್ಥೆ ಮೀಟರ್ ಅಳವಡಿಸಿದ ಆಯ್ದ ಮನೆಗಳಿಂದ ಅಂಕಿ ತೆಗೆಯುತ್ತದೆ, ಸುದ್ದಿ ಚಾನೆಲ್‌ಗಳಿಗೆ 2022ರಿಂದ ನಾಲ್ಕು ವಾರಗಳ ಸರಾಸರಿಯನ್ನಷ್ಟೇ ಕೊಡುತ್ತದೆ. ಒಂದು ರಾತ್ರಿಯ ಕೂಗಾಟ ಅದರಲ್ಲಿ ಕರಗಿಹೋಗುತ್ತದೆ. ಯೂಟ್ಯೂಬ್ ಲೈವ್‌ನಲ್ಲಿ ಹಾಗಲ್ಲ. ಈ ಕ್ಷಣ ಎಷ್ಟು ಜನ ನೋಡುತ್ತಿದ್ದಾರೆ ಎಂಬ ಸಂಖ್ಯೆ ಡೆಸ್ಕಿನ ಕಣ್ಣೆದುರೇ ಏರುತ್ತದೆ, ಇಳಿಯುತ್ತದೆ. 'ಇನ್ನೂ ದೃಢಪಟ್ಟಿಲ್ಲ' ಎಂದು ಹೇಳಿದ ಚಾನೆಲ್ ಬಿಟ್ಟು ನೋಡುಗ ಪಕ್ಕದ ಲೈವ್‌ಗೆ ಹಾರುವುದು ಆ ಸಂಖ್ಯೆಯಲ್ಲಿ ಕೂಡಲೇ ಕಾಣುತ್ತದೆ.

ಸರ್ಕಾರದ ಪಾಲೂ ಇದರಲ್ಲಿದೆ. ಮೇ 7ರ ಬೆಳಿಗ್ಗೆ ವಿದೇಶಾಂಗ ಕಾರ್ಯದರ್ಶಿ ವಿಕ್ರಮ್ ಮಿಸ್ರಿ, ಕರ್ನಲ್ ಸೋಫಿಯಾ ಖುರೇಷಿ, ವಿಂಗ್ ಕಮಾಂಡರ್ ವ್ಯೋಮಿಕಾ ಸಿಂಗ್ ನಡೆಸಿದ ವಿವರಣೆ ಮಾದರಿ ಎನ್ನುವಂತಿತ್ತು. ದಾಳಿ ನಡೆದ ಸಮಯ ನಸುಕಿನ 1.05ರಿಂದ 1.30, ಗುರಿಗಳು ಒಂಬತ್ತು, ಜತೆಗೆ ವಿಡಿಯೊ. ಆದರೆ ಆ ವಿವರಣೆಗಳು ಹಗಲಿನವು. ಡ್ರೋನ್‌ಗಳು ಬರುತ್ತಿದ್ದದ್ದು, ಊರುಗಳಲ್ಲಿ ದೀಪ ಆರಿಸುತ್ತಿದ್ದದ್ದು ಕತ್ತಲಾದ ಮೇಲೆ. ಜನ ಟಿವಿ ಮುಂದೆ ಕುಳಿತಿದ್ದ ಆ ಹೊತ್ತಿನಲ್ಲಿ ಹೆಸರು, ಹುದ್ದೆ ಹೇಳಿಕೊಂಡು 'ಇಲ್ಲ, ಕರಾಚಿಯಲ್ಲಿ ಅಂಥದ್ದೇನೂ ಆಗಿಲ್ಲ' ಎನ್ನುವ ಒಬ್ಬ ಅಧಿಕಾರಿ ಇರಲಿಲ್ಲ. ಶತ್ರುವಿಗೆ ಗೊಂದಲವಾಗಲಿ ಎಂದು ಬೇಕೆಂದೇ ಸುಮ್ಮನಿದ್ದರು ಎಂದು ವಾದಿಸುವವರಿದ್ದಾರೆ. ಕರಾಚಿ ಬಂದರಿನ ಸ್ಥಿತಿ ಕರಾಚಿಯವರಿಗೆ ಗೊತ್ತೇ ಇತ್ತು. ಗೊಂದಲಕ್ಕೆ ಬಿದ್ದವರು ನಮ್ಮವರೇ.

ಕಳೆದುಕೊಂಡ ವಿಮಾನಗಳು ಮತ್ತು 24 ದಿನ

ಮೇ 7ರಂದು 'ದಿ ಹಿಂದೂ' ಪತ್ರಿಕೆ ಜಮ್ಮು-ಕಾಶ್ಮೀರದಲ್ಲಿ ಮೂರು ವಿಮಾನಗಳು ಬಿದ್ದಿವೆ ಎಂದು ಎಕ್ಸ್‌ನಲ್ಲಿ ಪ್ರಕಟಿಸಿ, ಅಧಿಕೃತವಾಗಿ ಯಾರೂ ಖಚಿತಪಡಿಸಿಲ್ಲವೆಂಬ ಕಾರಣ ನೀಡಿ ಅಳಿಸಿತು, ಓದುಗರಲ್ಲಿ ವಿಷಾದವನ್ನೂ ವ್ಯಕ್ತಪಡಿಸಿತು. ರಫೇಲ್ ಯುದ್ಧವಿಮಾನ ಬಿದ್ದಿದೆ ಎಂಬ ಸಿಎನ್‌ಎನ್ ವರದಿ ಆಧರಿಸಿ ಬರೆದ 'ದಿ ವೈರ್' ಜಾಲತಾಣವನ್ನು ಮೇ 9ರಂದು ತಡೆಹಿಡಿಯಲಾಯಿತು, ಲೇಖನ ತೆಗೆದ ಮೇಲೆ ತೆರವಾಯಿತು. ಮೇ 11ರಂದು ಏರ್ ಮಾರ್ಷಲ್ ಎ.ಕೆ. ಭಾರ್ತಿ, ನಷ್ಟ ಯುದ್ಧದ ಭಾಗ, ನಮ್ಮ ಪೈಲಟ್‌ಗಳೆಲ್ಲ ವಾಪಸ್ ಬಂದಿದ್ದಾರೆ ಎಂದರು. ವಿಮಾನ ಕಳೆದುಕೊಂಡಿದ್ದೇವೆ ಎಂಬ ಮಾತು ಸ್ಪಷ್ಟವಾಗಿ ಬಂದದ್ದು ಮೇ 31ರಂದು, ಅದೂ ಸಿಂಗಪುರದಲ್ಲಿ, ವಿದೇಶಿ ಚಾನೆಲ್ ಬ್ಲೂಮ್‌ಬರ್ಗ್‌ಗೆ ಮೂರೂ ಪಡೆಗಳ ಮುಖ್ಯಸ್ಥ (ಸಿಡಿಎಸ್) ಜನರಲ್ ಅನಿಲ್ ಚೌಹಾಣ್ ಕೊಟ್ಟ ಸಂದರ್ಶನದಲ್ಲಿ. ಪಾಕಿಸ್ತಾನ ಹೇಳುವ ಆರು ಎಂಬ ಸಂಖ್ಯೆ ಸುಳ್ಳು, ಎಷ್ಟು ಬಿದ್ದವು ಎಂಬುದಕ್ಕಿಂತ ಏಕೆ ಬಿದ್ದವು ಎಂಬುದು ಮುಖ್ಯ, ತಪ್ಪು ತಿದ್ದಿಕೊಂಡು ಮತ್ತೆ ಹಾರಿದೆವು ಎಂದು ಅವರು ವಿವರಿಸಿದರು.

ನಷ್ಟವನ್ನು ಕೂಡಲೇ ಹೇಳದಿರಲು ನ್ಯಾಯವಾದ ಕಾರಣಗಳಿವೆ. ಪೈಲಟ್ ಹೊರಜಿಗಿದಿದ್ದರೆ ಶತ್ರುವಿಗಿಂತ ಮೊದಲು ಆತನನ್ನು ತಲುಪಬೇಕು. ಯಾವ ಕ್ಷಿಪಣಿ ಎಷ್ಟು ದೂರದಿಂದ ತಾಗಿತು ಎಂಬುದನ್ನು ಎದುರಾಳಿಗೆ ನಾವೇ ಖಚಿತಪಡಿಸಬಾರದು. ಅವಶೇಷದಲ್ಲಿರುವ ಸೂಕ್ಷ್ಮ ಉಪಕರಣಗಳನ್ನು ಎತ್ತಿಕೊಳ್ಳಬೇಕು. ಮೊದಲನೆಯದೂ ಕೊನೆಯದೂ ಕೆಲವೇ ದಿನಗಳ ಕೆಲಸ. ನಡುವಿನದಕ್ಕೆ, ವಿಮಾನ ಬಿದ್ದಿದೆ ಎಂದಷ್ಟೇ ಹೇಳಿ ಕಾರಣ ಹೇಳದಿದ್ದರಾಯಿತು.

ಇದು ನಮಗೆ ಹೊಸದೂ ಅಲ್ಲ. 1999ರ ಮೇ 27ರಂದು ಕಾರ್ಗಿಲ್‌ನಲ್ಲಿ ಒಂದು ಮಿಗ್-27, ಒಂದು ಮಿಗ್-21 ಕಳೆದುಕೊಂಡಾಗ ಭಾರತ ಅದನ್ನು ಮುಚ್ಚಿಡಲಿಲ್ಲ. 2019ರ ಫೆಬ್ರವರಿ 27ರಂದು ಮಿಗ್-21 ಬಿದ್ದಾಗ ಅದೇ ಮಧ್ಯಾಹ್ನ ವಿದೇಶಾಂಗ ಸಚಿವಾಲಯ, ಒಂದು ವಿಮಾನ ಹೋಗಿದೆ, ಪೈಲಟ್ ಪತ್ತೆಯಿಲ್ಲ ಎಂದು ಹೇಳಿತು. ಅದರಿಂದ ದೇಶದ ಸ್ಥೈರ್ಯ ಕುಗ್ಗಲಿಲ್ಲ. ಅದೇ ದಿನ ಬಡಗಾಂನಲ್ಲಿ ನಮ್ಮದೇ ಕ್ಷಿಪಣಿ ತಾಗಿ ಎಂಐ-17 ಹೆಲಿಕಾಪ್ಟರ್ ಬಿದ್ದು ವಾಯುಪಡೆಯ ಆರು ಮಂದಿ ಮತ್ತು ಒಬ್ಬ ನಾಗರಿಕ ಸತ್ತರು. ಆ ತಪ್ಪನ್ನು ವಾಯುಪಡೆ ಮುಖ್ಯಸ್ಥರು ಬಹಿರಂಗವಾಗಿ ಒಪ್ಪಿಕೊಂಡದ್ದು ಅಕ್ಟೋಬರ್‌ನಲ್ಲಿ, ಲೋಕಸಭಾ ಚುನಾವಣೆ ಮುಗಿದು ತಿಂಗಳುಗಳಾದ ಮೇಲೆ. ಒಂದೇ ದಿನದ ಎರಡು ನಷ್ಟಗಳಿಗೆ ಹೀಗೆ ಎರಡು ಅಳತೆಗಳಿದ್ದವು. ಹೇಳುವುದೋ ಬಿಡುವುದೋ ಎಂಬುದನ್ನು ಆಯಾ ಹೊತ್ತಿನ ಅನುಕೂಲ ತೀರ್ಮಾನಿಸುತ್ತದೆ, ಲಿಖಿತ ಪದ್ಧತಿಯಲ್ಲ.

ವಿಳಂಬಕ್ಕೆ ಬೆಲೆ ತೆತ್ತದ್ದು ಸೇನೆಯೇ. ಬಠಿಂಡಾ ಬಳಿಯ ಹೊಲದಲ್ಲಿ ಬಿದ್ದ ಅವಶೇಷದ ಚಿತ್ರಗಳನ್ನು ವಿದೇಶಿ ಸಂಸ್ಥೆಗಳು ಪರಿಶೀಲಿಸಿ ಬರೆದವು. ರಾಯಿಟರ್ಸ್ ಅಮೆರಿಕದ ಅಧಿಕಾರಿಗಳ ಮಾತು ಆಧರಿಸಿ ಕನಿಷ್ಠ ಎರಡು ವಿಮಾನ ಎಂದಿತು. ಜಗತ್ತಿನ ಚರ್ಚೆ ವಿಮಾನಗಳು ಬಿದ್ದ ಆ ಮೊದಲ ರಾತ್ರಿಯ ಸುತ್ತಲೇ ಗಟ್ಟಿಯಾಯಿತು. ಮೇ 10ರ ನಸುಕಿನಲ್ಲಿ ನೂರ್ ಖಾನ್, ಭೋಲಾರಿ, ಸರ್ಗೋಧಾ ವಾಯುನೆಲೆಗಳಿಗೆ ಬಿದ್ದ ಪೆಟ್ಟು ಖಾಸಗಿ ಉಪಗ್ರಹ ಚಿತ್ರಗಳಲ್ಲಿ ಕಣ್ಣಿಗೆ ಕಾಣುವಂತಿದ್ದರೂ ಹಿಂದೆ ಸರಿಯಿತು. ಪಾಕಿಸ್ತಾನದ ಐದು ಯುದ್ಧವಿಮಾನ ಮತ್ತು ಒಂದು ದೊಡ್ಡ ಕಣ್ಗಾವಲು ವಿಮಾನವನ್ನು ಕೆಡವಿದ್ದೇವೆ, ಕೊನೆಯದನ್ನು ಸುಮಾರು 300 ಕಿ.ಮೀ. ದೂರದಿಂದ ಎಂದು ಏರ್ ಚೀಫ್ ಮಾರ್ಷಲ್ ಎ.ಪಿ. ಸಿಂಗ್ ಹೇಳಿದ್ದು ಆಗಸ್ಟ್ 9ರಂದು, ಬೆಂಗಳೂರಿನ ಒಂದು ಸ್ಮಾರಕ ಉಪನ್ಯಾಸದಲ್ಲಿ. ಪಾಕಿಸ್ತಾನ ಅಲ್ಲಗಳೆಯಿತು. ಮೂರು ತಿಂಗಳ ನಂತರ ಬಂದ ಇಷ್ಟು ದೊಡ್ಡ ಹೇಳಿಕೆಗೆ ಮೇ ತಿಂಗಳಲ್ಲಿ ಸಿಗಬಹುದಾಗಿದ್ದ ತೂಕ ಸಿಗಲಿಲ್ಲ.

ಕಾರ್ಯಾಚರಣೆಯ ನಡೆಯ ಬಗೆಗಿನ ಪ್ರಶ್ನೆಗಳೂ ಇದರಿಂದಲೇ ಕಹಿಯಾದವು. ಮೊದಲ ರಾತ್ರಿ ಪಾಕ್ ಸೇನಾ ನೆಲೆಗಳನ್ನು ಮುಟ್ಟಬಾರದೆಂಬ ರಾಜಕೀಯ ನಿರ್ಬಂಧವಿದ್ದುದರಿಂದಲೇ ವಿಮಾನಗಳನ್ನು ಕಳೆದುಕೊಂಡೆವೇ? ಜಕಾರ್ತಾದ ಭಾರತೀಯ ರಾಯಭಾರ ಕಚೇರಿಯ ನೌಕಾಪಡೆ ಅಧಿಕಾರಿಯೊಬ್ಬರು ಜೂನ್‌ನಲ್ಲಿ ಆ ಅರ್ಥದ ಮಾತಾಡಿದರು. ಮಾತಿನ ಸಂದರ್ಭ ಬಿಟ್ಟು ಉಲ್ಲೇಖಿಸಲಾಗಿದೆ ಎಂದು ರಾಯಭಾರ ಕಚೇರಿ ಹೇಳಿತು. ಸಂಸತ್ತಿನಲ್ಲಿ ಚರ್ಚೆ ಶುರುವಾದದ್ದು ಜುಲೈ 28ರಂದು. ಪ್ರಶ್ನೆ ಕೇಳುವುದೇ ಶತ್ರುವಿಗೆ ನೆರವು ಎನ್ನುವವರ ಆತಂಕಕ್ಕೂ ಒಂದು ಆಧಾರವಿದೆ: ಯುದ್ಧ ಬೇಡವೆಂಬ ಅರ್ಥದಲ್ಲಿ ಮುಖ್ಯಮಂತ್ರಿ ಸಿದ್ದರಾಮಯ್ಯ ಏಪ್ರಿಲ್‌ನಲ್ಲಿ ಆಡಿದ ಮಾತನ್ನು ಪಾಕಿಸ್ತಾನದ ಟಿವಿ ಎತ್ತಿಕೊಂಡಿತು, ಅವರು ಮರುದಿನ ಸ್ಪಷ್ಟನೆ ಕೊಟ್ಟರು. ಆದರೆ ಆ ವಾರಗಳಲ್ಲಿ ಪಾಕಿಸ್ತಾನದ ವಕ್ತಾರರಿಗೆ ಹೆಚ್ಚು ಒದಗಿಬಂದದ್ದು ನಮ್ಮ ಚಾನೆಲ್‌ಗಳ ಕರಾಚಿ, ಇಸ್ಲಾಮಾಬಾದ್ ಸುದ್ದಿಗಳು. ಭಾರತ ಹೇಳುವುದನ್ನು ನಂಬಬೇಡಿ ಎನ್ನಲು ಅವರಿಗೆ ಬೇರೆ ಸಾಕ್ಷ್ಯ ಬೇಕಿರಲಿಲ್ಲ.

ಪೆಟ್ಟು ಯಾರಿಗೆ ಬಿತ್ತು

ಮೇ 7ರಂದು ಪಾಕ್ ಶೆಲ್ ದಾಳಿಗೆ ಪೂಂಚ್‌ನಲ್ಲಿ ಸತ್ತವರಲ್ಲಿ ಒಬ್ಬ ಮದರಸಾ ಶಿಕ್ಷಕರಿದ್ದರು. ಕೆಲವು ಚಾನೆಲ್‌ಗಳು ಅವರ ಫೋಟೊ ಹಾಕಿ ಭಾರತದ ದಾಳಿಯಲ್ಲಿ ಸತ್ತ ಉಗ್ರ ಎಂದವು. ಅವರಿಗೆ ಯಾವ ಉಗ್ರ ಸಂಘಟನೆಯ ನಂಟೂ ಇಲ್ಲ ಎಂದು ಪೂಂಚ್ ಪೊಲೀಸರೇ ಹೇಳಬೇಕಾಯಿತು. ಚಾನೆಲ್‌ಗಳ ವಿರುದ್ಧ ಎಫ್‌ಐಆರ್ ದಾಖಲಿಸಲು ಅಲ್ಲಿನ ನ್ಯಾಯಾಲಯ ಜೂನ್ ಕೊನೆಯಲ್ಲಿ ಆದೇಶಿಸಿತು. ಮನೆಯ ಯಜಮಾನನನ್ನು ಮಣ್ಣು ಮಾಡಿದ ವಾರದಲ್ಲೇ ಆತ ಉಗ್ರನಲ್ಲ ಎಂದು ಸಾಬೀತುಪಡಿಸುವ ಹೊರೆ ಆ ಕುಟುಂಬದ ಮೇಲೆ ಬಿತ್ತು. ಯುದ್ಧದ ಸುಳ್ಳುಸುದ್ದಿಯಿಂದ ಆದ ಹಾನಿ ಏನು ಎಂದು ಕೇಳುವವರು ಇಲ್ಲಿಂದ ಶುರುಮಾಡಬೇಕು.

ಸರ್ಕಾರದ ಕೈ ಚುರುಕಾಗಿ ಓಡಿದ್ದು ಬೇರೆಡೆ. 8,000ಕ್ಕೂ ಹೆಚ್ಚು ಖಾತೆಗಳನ್ನು ತಡೆಯಲು ಆದೇಶ ಬಂದಿದೆ, ಹೆಚ್ಚಿನವುಗಳಲ್ಲಿ ಯಾವ ಪೋಸ್ಟ್ ಕಾನೂನು ಮುರಿದಿದೆ ಎಂದು ಹೇಳಿಲ್ಲ ಎಂದು ಎಕ್ಸ್ ಮೇ 8ರಂದು ತಿಳಿಸಿತು. ಜಾಲತಾಣದ ವಿಷಯ ತಡೆಯುವ ಅಧಿಕಾರ ಕೊಡುವ ಐಟಿ ಕಾಯ್ದೆಯ 69ಎ ಕಲಂ ಅಡಿಯ 2009ರ ನಿಯಮಗಳಲ್ಲಿ ಮಾಮೂಲಿ ದಾರಿಗೆ ನೋಟಿಸ್ ಉಂಟು, ಉತ್ತರಕ್ಕೆ 48 ಗಂಟೆ ಉಂಟು. ತುರ್ತು ಎಂದರೆ 9ನೇ ನಿಯಮ: ಮೊದಲು ತಡೆ, 48 ಗಂಟೆಯೊಳಗೆ ಸಮಿತಿಯ ಮುಂದೆ. 16ನೇ ನಿಯಮ ಇದನ್ನೆಲ್ಲ ಗೋಪ್ಯವಾಗಿಡುತ್ತದೆ, ಹಾಗಾಗಿ ಖಾತೆ ಕಳೆದುಕೊಂಡವರಿಗೆ ಕಾರಣವೇ ಸಿಗುವುದಿಲ್ಲ. ಇದೇ ಕಾಯ್ದೆಯ 79(3)(ಬಿ) ಅಡಿಯ, ಕೇಂದ್ರ ಸರ್ಕಾರದ ಸಹಯೋಗ್ ಪೋರ್ಟಲ್ ಮೂಲಕ ವಿಷಯ ತೆಗೆಸುವುದನ್ನು ಎಕ್ಸ್ ಪ್ರಶ್ನಿಸಿದ್ದು ಕರ್ನಾಟಕ ಹೈಕೋರ್ಟ್‌ನಲ್ಲಿ. 2025ರ ಸೆಪ್ಟೆಂಬರ್ 24ರಂದು ಅರ್ಜಿ ವಜಾ ಆಯಿತು. ರಾಜ್ಯ ಸರ್ಕಾರವೂ ಸುಳ್ಳುಸುದ್ದಿಗೆ ಏಳು ವರ್ಷದವರೆಗೆ ಜೈಲು ಎನ್ನುವ ಕರಡು ಮಸೂದೆ ಸಿದ್ಧಪಡಿಸಿದ್ದು ಆ ಜೂನ್‌ನಲ್ಲಿ ಹೊರಬಂತು. ಪೋಸ್ಟ್ ಹಾಕಿದ್ದಕ್ಕೆ ಬಂಧನಕ್ಕೊಳಗಾಗಿದ್ದ ಪುಣೆಯ 19 ವರ್ಷದ ವಿದ್ಯಾರ್ಥಿನಿಯನ್ನು ಬಾಂಬೆ ಹೈಕೋರ್ಟ್ ಬಿಡಿಸಬೇಕಾಯಿತು. ಕರಾಚಿ ಸುಟ್ಟವರಲ್ಲಿ ಕೆಲವರು ಪರದೆಯ ಮೇಲೆ ಕ್ಷಮೆ ಕೇಳಿದರು, ಬಹಳಷ್ಟು ಜನ ಅದನ್ನೂ ಮಾಡಲಿಲ್ಲ.

ಜೈಲಿನ ಬೆದರಿಕೆ ಇಲ್ಲದೆಯೂ ಸುಳ್ಳನ್ನು ನಿಲ್ಲಿಸಬಹುದು ಎಂಬುದಕ್ಕೆ ಬೆಳಗಾವಿಯ ಉದಾಹರಣೆ ಇದೆ. ಕರ್ನಲ್ ಖುರೇಷಿ ಅವರ ಗಂಡನ ಮನೆ ಗೋಕಾಕ ತಾಲ್ಲೂಕಿನ ಕೊಣ್ಣೂರಿನಲ್ಲಿದೆ. ಅದರ ಮೇಲೆ ದಾಳಿ ನಡೆದಿದೆ ಎಂಬ ಪೋಸ್ಟ್ ಎಕ್ಸ್‌ನಲ್ಲಿ ಹಬ್ಬಿದಾಗ ಜಿಲ್ಲಾ ಪೊಲೀಸ್ ವರಿಷ್ಠಾಧಿಕಾರಿ ತಮ್ಮ ಹೆಸರಿನಲ್ಲೇ ಇದು ಸುಳ್ಳು ಎಂದರು, ಪೋಸ್ಟ್ ಅಳಿಸಿಹೋಯಿತು. ಮೇ 8ರ ರಾತ್ರಿ ದೆಹಲಿಯಲ್ಲಿ ಬೇಕಿದ್ದದ್ದು ಇಂಥದ್ದೇ ಒಂದು ಮಾತು.

ಮನೆಯಲ್ಲಿ ಕುಳಿತೇ ಏನನ್ನು ಪರೀಕ್ಷಿಸಬಹುದು

ಒಂದು ಬಂದರು ಗಂಟೆಗಟ್ಟಲೆ ಉರಿದರೆ ಅದು ಬಾಹ್ಯಾಕಾಶದಿಂದ ಕಾಣುತ್ತದೆ. ಬೆಂಕಿಯ ಜಾಗಗಳನ್ನು ಗುರುತಿಸುವ ನಾಸಾದ ಫರ್ಮ್ಸ್ (FIRMS) ನಕ್ಷೆ ಉಚಿತ. 375 ಮೀಟರ್ ಚೌಕದಷ್ಟು ಸೂಕ್ಷ್ಮವಾಗಿ ಉಷ್ಣದ ಚುಕ್ಕೆಗಳನ್ನು ಉಪಗ್ರಹ ಹಾದುಹೋದ ಸುಮಾರು ಮೂರು ಗಂಟೆಯಲ್ಲಿ ತೋರಿಸುತ್ತದೆ. ಕ್ಷಣಮಾತ್ರದ ಸ್ಫೋಟ ಅದಕ್ಕೆ ಸಿಗದು, ಮೋಡವಿದ್ದರೂ ಸಿಗದು, ಕಾರ್ಖಾನೆಯ ಚಿಮಣಿಯೂ ಚುಕ್ಕೆಯಾಗಿ ಕಾಣಬಹುದು. ಹಾಗಾಗಿ ಹಿಂದಿನ ದಿನಗಳ ಚುಕ್ಕೆಗಳ ಜತೆ ಹೋಲಿಸಿಯೇ ನೋಡಬೇಕು. ಯುರೋಪಿನ ಸೆಂಟಿನೆಲ್-2 ಉಪಗ್ರಹಗಳ ಚಿತ್ರಗಳೂ ಉಚಿತ, ಆದರೆ ಒಂದು ಬಿಂದು ಎಂದರೆ ನೆಲದ ಮೇಲೆ 10 ಮೀಟರ್, ಅದೇ ಜಾಗಕ್ಕೆ ಮರಳುವುದು ಸುಮಾರು ಐದು ದಿನಕ್ಕೊಮ್ಮೆ. ರನ್‌ವೇ ಮೇಲಿನ ಸಣ್ಣ ಕುಳಿಗೆ ಅದು ಸಾಲದು. ಭೋಲಾರಿಯ ಹ್ಯಾಂಗರ್ ಚಾವಣಿಯ ತೂತು ಕಂಡದ್ದು ಅರ್ಧ ಮೀಟರ್‌ಗಿಂತ ಸೂಕ್ಷ್ಮವಾದ ಖಾಸಗಿ ಚಿತ್ರಗಳಲ್ಲಿ. ಆ ಚಿತ್ರವೂ ಹ್ಯಾಂಗರ್ ಒಳಗೆ ಎಷ್ಟು ವಿಮಾನವಿತ್ತು ಎಂದು ಹೇಳದು.

ವಿಡಿಯೊ ಆದರೆ ಸದ್ದು ಕೇಳಿ. ಬೆಳಕು ಕಂಡ ಮೇಲೆ ಸದ್ದು ಬರಲು ಕಿಲೋಮೀಟರಿಗೆ ಸುಮಾರು ಮೂರು ಸೆಕೆಂಡು ಬೇಕು. ದೂರದ ದಿಗಂತದಲ್ಲಿ ಸ್ಫೋಟವಾಗಿ ಅದೇ ಕ್ಷಣ ಗುಡುಗಿದರೆ ಅದು ಗೇಮ್ ಅಥವಾ ಸದ್ದು ಅಂಟಿಸಿದ ತುಣುಕು. ಎರಡು ಮೂರು ಫ್ರೇಮ್ ತೆಗೆದು ಗೂಗಲ್ ಲೆನ್ಸ್ ಮತ್ತು ಯಾಂಡೆಕ್ಸ್ ಎರಡರಲ್ಲೂ ಹುಡುಕಿ, ಒಂದಕ್ಕೆ ಸಿಗದ್ದು ಇನ್ನೊಂದಕ್ಕೆ ಸಿಗುತ್ತದೆ. ತುಣುಕಿನ ಮೇಲೆ ಬೇರೆ ಚಾನೆಲ್‌ನ ಪಟ್ಟಿ ಇದ್ದರೆ ಅದನ್ನು ಕತ್ತರಿಸಿ ಹುಡುಕಿ. ವಾಯುರಕ್ಷಣಾ ವ್ಯವಸ್ಥೆ ಎಸ್-400 ನಾಶವಾಯಿತು ಎಂಬಂಥ ಸೇನಾ ಹೇಳಿಕೆಯಾದರೆ ಕೆಲವು ದಿನ ಕಾಯಿರಿ. ಆದಂಪುರದ ಎಸ್-400 ಹೋಗಿದೆ ಎಂದು ಪಾಕಿಸ್ತಾನ ಹೇಳಿತ್ತು, ಮೇ 13ರಂದು ಪ್ರಧಾನಿ ಅದೇ ನೆಲೆಯಲ್ಲಿ ಅದರ ಉಡಾವಣಾ ವಾಹನದ ಎದುರು ನಿಂತ ಚಿತ್ರ ಬಂತು.

ದೂರು ಕೊಡುವವರಿಗೆ ಅವಧಿಯೇ ಮುಖ್ಯ. ಚಾನೆಲ್ ಹೆಸರು, ದಿನಾಂಕ, ಪ್ರಸಾರದ ಸಮಯ, ಪರದೆಯ ಮೇಲಿದ್ದ ಸಾಲು, ಸಾಧ್ಯವಾದರೆ ರೆಕಾರ್ಡಿಂಗ್ ಇಟ್ಟುಕೊಳ್ಳಿ. ಯೂಟ್ಯೂಬ್‌ನಿಂದ ತುಣುಕು ಸದ್ದಿಲ್ಲದೆ ಮಾಯವಾಗುತ್ತದೆ. ಮೊದಲು ಚಾನೆಲ್‌ಗೇ ಬರೆಯಬೇಕು. ಸುದ್ದಿ ಚಾನೆಲ್‌ಗಳ ಸ್ವನಿಯಂತ್ರಣ ಸಂಸ್ಥೆ ಎನ್‌ಬಿಡಿಎಸ್‌ಎಯ ವ್ಯಾಪ್ತಿಗೆ ಬರುವ ಚಾನೆಲ್ ಆದರೆ ಪ್ರಸಾರವಾದ 7 ದಿನದೊಳಗೆ. 2021ರ ಕೇಬಲ್ ನಿಯಮಗಳ ಪ್ರಕಾರ ಚಾನೆಲ್‌ಗೆ ಉತ್ತರಿಸಲು 15 ದಿನ, ಒಪ್ಪಿಗೆಯಾಗದಿದ್ದರೆ ಸ್ವನಿಯಂತ್ರಣ ಸಂಸ್ಥೆಗೆ ಮೇಲ್ಮನವಿ ಹಾಕಲು ಇನ್ನೊಂದು 15 ದಿನ, ಅದರ ತೀರ್ಮಾನಕ್ಕೆ 60 ದಿನ, ಆಮೇಲೆ ಕೇಂದ್ರ ಸರ್ಕಾರದ ಮೇಲ್ವಿಚಾರಣಾ ವ್ಯವಸ್ಥೆ. ನಾಲ್ಕು ದಿನದಲ್ಲಿ ಮುಗಿದ ಸಂಘರ್ಷದ ಸುಳ್ಳಿಗೆ ಮೂರು ತಿಂಗಳ ದಾರಿ. ಎನ್‌ಬಿಡಿಎಸ್‌ಎ ಹಾಕಬಹುದಾದ ಗರಿಷ್ಠ ದಂಡ 2023ರಲ್ಲಿ 1 ಲಕ್ಷ ರೂಪಾಯಿ ಇತ್ತು. 2008ರಲ್ಲಿ ಗೊತ್ತುಮಾಡಿದ ಈ ಮೊತ್ತಕ್ಕೆ ಯಾರು ಅಂಜುತ್ತಾರೆ ಎಂದು ಸುಪ್ರೀಂ ಕೋರ್ಟ್ 2023ರ ಆಗಸ್ಟ್‌ನಲ್ಲೇ ಪ್ರಶ್ನಿಸಿತ್ತು. ಹಣಕ್ಕಿಂತ ಬಿಸಿ ತಟ್ಟಿಸುವ ಶಿಕ್ಷೆ ಇನ್ನೊಂದಿದೆ: ಸುಳ್ಳು ಬಂದ ಹೊತ್ತಿನಲ್ಲೇ, ಅಷ್ಟೇ ದೊಡ್ಡ ಅಕ್ಷರದಲ್ಲಿ, ಅಷ್ಟೇ ಹೊತ್ತು ತಿದ್ದುಪಡಿ ಪ್ರಸಾರ ಮಾಡಬೇಕೆಂಬ ಆದೇಶ. ತುಣುಕು ತೆಗೆಯಿರಿ ಎಂದಷ್ಟೇ ಕೇಳಿ ಸುಮ್ಮನಾಗದೆ ದೂರಿನಲ್ಲಿ ಇದನ್ನೇ ಬೇಡಿಕೆಯಾಗಿ ಬರೆಯಿರಿ.